ಒಗರು

ಶನಿವಾರ ಎರಡರಿಂದ ಐದು, ಅಷ್ಟೇ ಹೊತ್ತು ಬಾಗಿಲು ತೆರೆದಿರುತ್ತದೆ.
ಲೆಡ್‌ಬರಿಯಿಂದ ಮೂರು ಮೈಲಿ ಆಚೆ, ಪ್ರಾಸರ್‌ನ ಹಳೇ ದನದ ಕೊಟ್ಟಿಗೆ.
ಗೋದಲಿಯ ಮೇಲೊಂದು ಹಲಗೆ, ಅದೇ ಬಾರು.
ನಾಲ್ಕು ಸ್ಟೂಲು, ಅದರಲ್ಲೊಂದರ ಮೇಲೆ ಬೆಕ್ಕು.
ಗೋಡೆಗೊರಗಿದ ಉದ್ದನೆ ಕೊಕ್ಕೆಗೋಲು ಕಂಡು
ದೋಟಿ ಅಂದೆ, ಯಾರಿಗೂ ಕೇಳಿಸದ ಹಾಗೆ.

ಅವನ ಮುಖಕ್ಕಿಂತ ಬಾಯಿ ನನಗೆ ಚೆನ್ನಾಗಿ ಗೊತ್ತು.
ಹನ್ನೊಂದು ವರ್ಷ, ಆರಾರು ತಿಂಗಳಿಗೊಮ್ಮೆ
ದೀಪ ಎಳೆದು, ಕನ್ನಡಿ ತೂರಿಸಿ ನೋಡಿದ್ದೇನೆ:
ಹುಳಿಗೆ ಸವೆದ ಮುಂಬಲ್ಲು,
ಕೆಳದವಡೆಯಲ್ಲಿ ನಾನೇ ತುಂಬಿದ ಮೂರು ತೂತು.
ಸೈಡರ್ ಬಿಡಿ ಮಿಸ್ಟರ್ ಪ್ರಾಸರ್ ಎಂದರೆ
ಹತ್ತಿಯುಂಡೆ ಕಚ್ಚಿಕೊಂಡೇ ನಗುತ್ತಿದ್ದ:
"ಒಮ್ಮೆ ಬನ್ನಿ, ಯಾವುದನ್ನು ಬಿಡಿ ಅಂತೀರೋ ನೋಡಿಹೋಗಿ."

ಅಂಗಳದಲ್ಲಿ ಸೇಬಿನ ಗುಡ್ಡೆ.
ಅಂಗಡಿಯ ಮೇಣ ಮೆತ್ತಿದ ಚೆಲುವೆಯರಲ್ಲ,
ಕಜ್ಜಿ ಹತ್ತಿದ, ಕೆನ್ನೆ ಕಂದಿದ ಜಾತಿ.
ಕಿತ್ತದ್ದಲ್ಲವಂತೆ, ಬಿದ್ದದ್ದು.
ಬಿದ್ದ ಮೇಲೂ ಎರಡು ವಾರ ಹುಲ್ಲಲ್ಲಿ ಮಲಗಬೇಕಂತೆ
ಹೆಬ್ಬೆರಳು ಒತ್ತಿದರೆ ಒಳಗಿಳಿಯುವವರೆಗೆ.
ಹೆಸರು ಕೇಳಿ: ನರಿಮರಿ. ಕುರಿಮೂಗು. ಕಂದುಮೂತಿ.
ಮಕ್ಕಳಿಗಿಡಲು ಧೈರ್ಯ ಸಾಲದ ಹೆಸರನ್ನೆಲ್ಲ
ಮರಕ್ಕಿಟ್ಟಿದ್ದಾರೆ ಈ ಕಡೆಯವರು.

ಹಲಗೆಯ ಮೇಲೆ ನಾಲ್ಕು ಪುಟ್ಟ ಗ್ಲಾಸು, ಕೆಳಗೊಂದು ತಗಡಿನ ಬಕೆಟ್ಟು.
ವೃತ್ತಿಯ ಅಭ್ಯಾಸ, ಮುಕ್ಕಳಿಸಿ ಉಗುಳಲು ಬಾಗಿದೆ.
"ನುಂಗಿ!" ಎಂದ. "ಅಲ್ಲಿ ನೀವು ಹೇಳಿದ ಹಾಗೆ ನಾನು,
ಇಲ್ಲಿ ನಾನು ಹೇಳಿದ ಹಾಗೆ ನೀವು."

ಮೊದಲನೆಯದು ಸಿಹಿ, ಸಭ್ಯ, ಮರೆತೂಹೋಯಿತು.
ಎರಡನೆಯದು ಹುಳಿ, ಕಿವಿಯ ಹಿಂದೆಲ್ಲೋ ಚುರ್ರೆಂದಿತು.
ಮೂರನೆಯದರಲ್ಲಿ ಒದ್ದೆ ಹುಲ್ಲು, ಕುದುರೆಯ ಜೀನು.
(ಜೀನು ನೆಕ್ಕಿದವಳಲ್ಲ ನಾನು, ಆದರೂ.)
ನಾಲ್ಕನೆಯದು ಮೂಲೆಯ ಪೀಪಾಯಿಯದು, ಇನ್ನೂ ಹೆಸರಿಡದ್ದು.
ಕುಡಿದೆ. ಅವನು ಗ್ಲಾಸು ನೋಡಲಿಲ್ಲ, ಮುಖ ನೋಡುತ್ತಿದ್ದ,
ಹಲ್ಲು ಕೀಳುವಾಗ ನಾನು ರೋಗಿಯ ಕಣ್ಣು ನೋಡುವ ಹಾಗೆ.
"ಹೇಗಿದೆ?"
"ಚೆನ್ನಾಗಿದೆ."
"ಚೆನ್ನಾಗಿದೆ ಬೇಡ. ಹೇಗಿದೆ?"

ಒರೆಸಿದ ಹಲಗೆಯನ್ನೇ ಒರೆಸುತ್ತ ಹೇಳಿದ:
ಫೆಬ್ರವರಿಯ ಜ್ವರ ಹೋಗುವಾಗ ರುಚಿಯನ್ನೂ ಕೊಂಡುಹೋಯಿತು.
ಈಗ ಎಲ್ಲ ನೀರು, ಕೆಲವು ತಣ್ಣನೆ ನೀರು.
ಯಾವುದಕ್ಕೆ ಯಾವುದನ್ನು ಬೆರೆಸುವುದು, ಯಾವಾಗ ಬಿರಡೆ ಬಿಗಿಯುವುದು,
ಬಂದವರ ಹುಬ್ಬು ನೋಡಿಯೇ ತೀರ್ಮಾನ.
ಮಗಳಿಗೂ ಹೇಳಿಲ್ಲ.

ಏಪ್ರಿಲಿನಲ್ಲಿ ನನ್ನ ಕುರ್ಚಿಯಲ್ಲಿದ್ದ.
ನಾಲಗೆಯನ್ನು ಆಚೆ ಸರಿಸಿ, ಈಚೆ ಸರಿಸಿ
ಹಲ್ಲಷ್ಟೇ ನೋಡಿದ್ದೆ.

"ನಾಲಗೆ ಚಾಚಿ" ಎಂದೆ.
"ಇವತ್ತು ನನ್ನ ಬಾಯಲ್ಲ ಡಾಕ್ಟ್ರೇ, ನಿಮ್ಮದು."

ಮತ್ತೆ ಕುಡಿದೆ, ಈ ಸಲ ಕೆಲಸಕ್ಕೆ ಕೂತಂತೆ.
ಸಿಹಿಯಲ್ಲ. ಹುಳಿಯ ನೆಂಟನೂ ಅಲ್ಲ. ಕಹಿ ಅನ್ನಲು ಬಾರದು.
ಒಸಡು ಹಿಡಿದು ಜಗ್ಗುತ್ತದೆ, ಕೆನ್ನೆ ಒಳಗಿನಿಂದ ಮಡಚಿಕೊಳ್ಳುತ್ತದೆ,
ಹಲ್ಲಿಗೆ ಯಾರೋ ಉಣ್ಣೆ ಹೊದಿಸಿದ ಹಾಗೆ.
ನೇರಳೆ ಮರದಡಿಯಿಂದ ಕ್ಲಾಸಿಗೆ ಓಡಿಬಂದು
ತಿಂದೇ ಇಲ್ಲವೆಂದು
ನೀಲಿ ನಾಲಗೆಯಲ್ಲೇ ಆಣೆಯಿಟ್ಟಿದ್ದೆ ಒಮ್ಮೆ.
ಇಂಗ್ಲಿಷಿನಲ್ಲಿ ಇದಕ್ಕೊಂದು ಪದವಿದೆ, ಪಠ್ಯಪುಸ್ತಕದ್ದು,
ಔಷಧದ ಸೀಸೆಗೆ ಅಂಟಿಸುವಂಥದ್ದು.
ಅದನ್ನು ಅವನ ಕೈಗೆ ಕೊಡಲು ಮನಸ್ಸಾಗಲಿಲ್ಲ.
"ಒಗರು" ಎಂದೆ.
"ಓಗ್-ರೂ." ಗುಟುಕಿನಂತೆ ಬಾಯೊಳಗೆ ಹೊರಳಿಸಿದ.
"ಒಳ್ಳೆಯದೋ ಕೆಟ್ಟದ್ದೋ?"
"ಇನ್ನೂ ಸ್ವಲ್ಪ ದಿನ ಇರಲಿ ಅನ್ನುವಂಥದ್ದು."
ಚಾಕ್‌ಪೀಸು ಹುಡುಕಿ ಪೀಪಾಯಿಯ ಹೊಟ್ಟೆಯ ಮೇಲೆ ಬರೆದ:
ಮಾರ್ಚ್.

ಐದಾಯಿತು. ಬೆಕ್ಕು ಸ್ಟೂಲಿನಿಂದ ಇಳಿಯಿತು.
ಕೊನೆಯ ಬಸ್ಸು ಹೋಗಿತ್ತೋ, ಬರಬೇಕಿತ್ತೋ,
ಬೇಲಿಯ ಬದಿಗೆ ನಿಂತೆ, ಕೋಟಿನ ಜೇಬಲ್ಲಿ ಒಂದು ಕುರಿಮೂಗು.
ಮಂಗಳವಾರ ಒಂಬತ್ತೂ ಹತ್ತಕ್ಕೆ ಬರಲು ಹೇಳಿದ್ದೇನೆ,
ನಾಲಗೆಯಿಂದ ಶುರುಮಾಡಬೇಕು.
ಆ ರಾತ್ರಿ ಹಲ್ಲುಜ್ಜಲಿಲ್ಲ.
ನನ್ನ ರೋಗಿಗಳಿಗೆ ಹೇಳಬೇಡಿ.